ಎಡಗೈ ಮದುವೆಗಳು

ಅನಾರ್ಕಲಿಯ ಕಥೆ ಕೇಳದವರು ನಮ್ಮಲ್ಲಿ ಕಡಿಮೆ. ಇಮ್ತಿಯಾಝ್ ಅಲಿ ತಾಜ್ 1922ರಲ್ಲಿ ಬರೆದ ಉರ್ದು ನಾಟಕವನ್ನು ಓದದವರೂ 1960ರ 'ಮುಘಲ್-ಎ-ಆಝಮ್' ಸಿನಿಮಾವನ್ನಾದರೂ ನೋಡಿರುತ್ತಾರೆ. ಶಹಜಾದಾ ಸಲೀಂ ದಾಸಿಯೊಬ್ಬಳನ್ನು ಪ್ರೀತಿಸಿದ, ಬಾದಶಹ ಅಕ್ಬರನಿಗೆ ಅದು ಹಿಡಿಸಲಿಲ್ಲ, ಅವಳನ್ನು ಜೀವಂತ ನಿಲ್ಲಿಸಿ ಸುತ್ತ ಗೋಡೆ ಕಟ್ಟಿಸಿದ ಎಂಬುದು ಕಥೆ. ಇದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಉರ್ದು ಶಾಲೆಯ ಬೆಂಚಿನ ಮೇಲೆ ಕುಳಿತು ಈ ಕಥೆ ಕೇಳಿ ಕಣ್ಣೊರೆಸಿಕೊಂಡಿದ್ದ ನನ್ನಂಥವರಿಗೆ ಆಧಾರ ಇಲ್ಲದಿರುವುದೇ ಒಂದು ಸಮಾಧಾನ. ಅಂಥ ಹುಡುಗಿ ಇರಲೇ ಇಲ್ಲವಾದರೆ ಅವಳು ಸಾಯಲೂ ಇಲ್ಲ.

ಆದರೆ ಜರ್ಮನಿಯ ಬವೇರಿಯಾದಲ್ಲಿ ಅಂಥವಳೊಬ್ಬಳು ನಿಜವಾಗಿಯೂ ಇದ್ದಳು. ಅವಳು ಸತ್ತ ದಿನ ಕೂಡ ಗೊತ್ತಿದೆ. 1435ರ ಅಕ್ಟೋಬರ್ 12. ಹೆಸರು ಆಗ್ನೆಸ್ ಬರ್ನಾವರ್. ಔಗ್ಸ್‌ಬರ್ಗ್ ಪಟ್ಟಣದ ಸ್ನಾನಗೃಹ ನಡೆಸುವವನೊಬ್ಬನ ಮಗಳು ಎಂದು ಪರಂಪರೆ ಹೇಳುತ್ತದೆ. ಆ ಕಾಲದ ಸ್ನಾನಗೃಹದವನೆಂದರೆ ಕ್ಷೌರ ಮಾಡುವವ, ರಕ್ತ ತೆಗೆಯುವವ, ಗಾಯಕ್ಕೆ ಪಟ್ಟಿ ಕಟ್ಟುವವ. ಊರಿಗೆಲ್ಲ ಬೇಕಾದವನು, ಆದರೆ ಊರಿನ ಮರ್ಯಾದಸ್ಥರ ಪಂಕ್ತಿಯಲ್ಲಿ ಕೂರಲಾರದವನು. ಇಂಥವನ ಮಗಳನ್ನು ಬವೇರಿಯಾ-ಮ್ಯೂನಿಕ್‌ನ ಡ್ಯೂಕ್ ಎರ್ನ್‌ಸ್ಟ್‌ನ ಒಬ್ಬನೇ ಮಗ ಆಲ್ಬ್ರೆಕ್ಟ್ ಮೆಚ್ಚಿದ. ಅವರಿಬ್ಬರೂ ಗುಟ್ಟಾಗಿ ಮದುವೆಯಾಗಿದ್ದರೆಂದು ಹೆಚ್ಚಿನವರ ಅಭಿಪ್ರಾಯ. ಕಾಗದಪತ್ರ ಇಲ್ಲ. ಗುಟ್ಟಿನ ಮದುವೆಗೆ ಕಾಗದವೆಲ್ಲಿಂದ ಬರಬೇಕು?

ಆಲ್ಬ್ರೆಕ್ಟ್ ಬಂಧುವೊಬ್ಬನ ಕರೆಯ ಮೇಲೆ ಲಾಂಡ್ಸ್‌ಹುಟ್ ಕಡೆ ಬೇಟೆಗೆ ಹೋಗಿದ್ದ ಹೊತ್ತಿನಲ್ಲಿ ಎರ್ನ್‌ಸ್ಟ್ ಆಕೆಯನ್ನು ಹಿಡಿಸಿದ. ಸ್ಟ್ರೌಬಿಂಗ್ ಪಟ್ಟಣದ ಬಳಿ ಡ್ಯಾನ್ಯೂಬ್ ನದಿಗೆ ತಳ್ಳಿಸಿದ. ಕಟ್ಟು ಸಡಿಲಗೊಂಡು ಆಕೆ ದಡದತ್ತ ಬರತೊಡಗಿದಾಗ, ಉದ್ದನೆಯ ಗಳುವನ್ನು ಅವಳ ಕೂದಲಿಗೆ ಸುತ್ತಿ ನೀರೊಳಗೆ ಒತ್ತಿ ಹಿಡಿದರಂತೆ. ಈ ಕೊನೆಯ ವಿವರವನ್ನು ನಾನೇ ನನ್ನ ಕಥೆಯಲ್ಲಿ ಬರೆದಿದ್ದರೆ ಸಂಪಾದಕರು 'ಸ್ವಲ್ಪ ಅತಿಯಾಯಿತು' ಎಂದು ಹೊಡೆದುಹಾಕುತ್ತಿದ್ದರು.

ಮಗ ಮೊದಲು ಸಿಟ್ಟಿನಿಂದ ಅಪ್ಪನ ವೈರಿಗಳ ಕಡೆ ಹೋದ. ಆಮೇಲೆ ರಾಜಿಯಾದ. ಒಂದೇ ವರ್ಷದಲ್ಲಿ, 1436ರಲ್ಲಿ, ಬ್ರನ್ಸ್‌ವಿಕ್ ಮನೆತನದ ಅನ್ನಾಳನ್ನು ಮದುವೆಯಾಗಿ ತುಂಬು ಸಂಸಾರ ಮಾಡಿದ. ಚರಿತ್ರೆಯಲ್ಲಿ ಅವನಿಗೆ ಇರುವ ಬಿರುದು 'ಧರ್ಮನಿಷ್ಠ ಆಲ್ಬ್ರೆಕ್ಟ್'. ಕೊಲ್ಲಿಸಿದ ಎರ್ನ್‌ಸ್ಟ್ ಅದೇ ವರ್ಷ ಸ್ಟ್ರೌಬಿಂಗ್‌ನ ಸ್ಮಶಾನದಲ್ಲಿ ಅವಳ ಹೆಸರಿಗೊಂದು ಪ್ರಾರ್ಥನಾ ಮಂದಿರ ಕಟ್ಟಿಸಿದ. ಅದು ಇವತ್ತಿಗೂ ಇದೆ. ಕೆಂಪು ಅಮೃತಶಿಲೆಯ ಚಪ್ಪಡಿಯಲ್ಲಿ ಕೈಯಲ್ಲಿ ಜಪಮಣಿ ಹಿಡಿದು ನಿಂತ ಆಗ್ನೆಸ್ ಇದ್ದಾಳೆ. ಅದರ ಮೇಲೆ ಅವಳನ್ನು 'ಡ್ಯೂಕನ ಹೆಂಡತಿ' ಎಂದು ಕರೆದಿಲ್ಲ, ತವರಿನ ಹೆಸರಷ್ಟೇ ಇದೆ.

ಇದನ್ನು ಒಬ್ಬ ಕ್ರೂರ ಮುದುಕನ ಕಥೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಲೆಕ್ಕ ಬೇರೆಯೇ ಇತ್ತು. ಬವೇರಿಯಾವನ್ನು ಆಳುತ್ತಿದ್ದ ವಿಟ್ಟೆಲ್ಸ್‌ಬಾಖ್ ಮನೆತನ 1392ರಲ್ಲಿ ಮೂರು ಪಾಲಾಗಿತ್ತು. ದಾಯಾದಿಗಳು ಒಬ್ಬರ ಪಾಲಿನ ಮೇಲೆ ಒಬ್ಬರು ಕಣ್ಣಿಟ್ಟು ಕೂತಿದ್ದರು. ಎರ್ನ್‌ಸ್ಟ್‌ನ ಜೊತೆಗೂಡಿ ಮ್ಯೂನಿಕ್ ಭಾಗವನ್ನು ಆಳುತ್ತಿದ್ದ ತಮ್ಮ ವಿಲ್‌ಹೆಲ್ಮ್ 1435ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅವನ ಹಿಂದೆ ಉಳಿದದ್ದು ಒಂದು ಹಸುಗೂಸು. ಆ ಕೂಸು ಉಳಿಯದಿದ್ದರೆ, ಆಲ್ಬ್ರೆಕ್ಟ್‌ನಿಗೆ 'ಸರಿಯಾದ' ಹೆಂಡತಿಯಲ್ಲಿ ಗಂಡು ಮಗು ಹುಟ್ಟದಿದ್ದರೆ, ಇಡೀ ಭಾಗ ದಾಯಾದಿಗಳಿಗೆ ಹೋಗುತ್ತಿತ್ತು. ತಮ್ಮ ಸತ್ತ ಒಂದು ತಿಂಗಳಿಗೆ ಆಗ್ನೆಸ್ ನೀರುಪಾಲಾದಳು. ಅವಳನ್ನು ಕೊಂದದ್ದು ಸಿಟ್ಟಲ್ಲ, ಆಸ್ತಿಯ ಪತ್ರ.

ಕೆಲವು ತಿಂಗಳಿಂದ ಜರ್ಮನ್ ರಾಜಮನೆತನಗಳ ವಂಶಾವಳಿ ಓದುವ ಹುಚ್ಚು ನನಗೆ ಹತ್ತಿದೆ. ವಿಟ್ಟೆಲ್ಸ್‌ಬಾಖ್, ಹ್ಯಾಬ್ಸ್‌ಬರ್ಗ್, ಹೋಹೆನ್‌ಝೊಲರ್ನ್, ಹೆಸ್ಸೆ, ಆನ್‌ಹಾಲ್ಟ್... ನಾಲಿಗೆ ಹೊರಳದ ಹೆಸರುಗಳು. ಮನೆಯವರು ನಗುತ್ತಾರೆ. ಈ ಹುಚ್ಚಿಗೆ ಕಾರಣ ಮನೆಯೊಳಗೇ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಈ ಮನೆತನಗಳ ಬೆನ್ನೆಲುಬಾಗಿದ್ದ ನಿಯಮವೊಂದಕ್ಕೆ ಜರ್ಮನ್ ಭಾಷೆಯಲ್ಲಿ 'ಎಬೆನ್‌ಬ್ಯೂರ್ಟಿಷ್‌ಕೈಟ್' ಎನ್ನುತ್ತಾರೆ. ಕನ್ನಡದಲ್ಲಿ ಸಮಜನ್ಮ ಎನ್ನೋಣ. ಹುಟ್ಟಿನಲ್ಲಿ ಸಮಾನರಾದವರ ನಡುವೆ ಆದದ್ದು ಮಾತ್ರ ಪೂರ್ಣ ಮದುವೆ. ಹೆಂಡತಿ ಸಮಜನ್ಮದವಳಲ್ಲದಿದ್ದರೆ ಅವಳು ಧರ್ಮದ ಪ್ರಕಾರ ಹೆಂಡತಿಯೇ, ಪಾದ್ರಿಯ ಮುಂದೆ ಆದ ಮದುವೆಯೇ. ಆದರೆ ಗಂಡನ ಪದವಿ ಅವಳಿಗಿಲ್ಲ, ಮಕ್ಕಳಿಗೆ ಅಪ್ಪನ ಪಟ್ಟವಿಲ್ಲ, ಮನೆತನದ ಹೆಸರೂ ಇಲ್ಲ. ಇದಕ್ಕೆ 'ಎಡಗೈ ಮದುವೆ' ಎಂಬ ಹೆಸರಿತ್ತು. ಮದುವೆಯ ಹೊತ್ತಿನಲ್ಲಿ ಗಂಡು ಬಲಗೈ ಬದಲು ಎಡಗೈ ಚಾಚುತ್ತಿದ್ದ. (ನಮ್ಮ ಕಡೆಯ ಎಡಗೈ-ಬಲಗೈ ಬಣಗಳ ಕಥೆ ಬೇರೆ. ಆದರೂ ಕೈಗಳನ್ನು ಮೇಲುಕೀಳು ಮಾಡುವ ಬುದ್ಧಿ ಎಲ್ಲ ಕಡೆ ಒಂದೇ ಇರಬೇಕು.) ಇದರ ಇನ್ನೊಂದು ಹೆಸರು ಮಾರ್ಗನ್ಯಾಟಿಕ್ ಮದುವೆ. ಮೊದಲ ರಾತ್ರಿಯ ಮರುದಿನ ಬೆಳಿಗ್ಗೆ ಗಂಡ ಹೆಂಡತಿಗೆ ಕೊಡುವ ಕಾಣಿಕೆಯಿಂದ ಬಂದ ಹೆಸರು. ಕೇಳಿದ ಕೂಡಲೇ ನಮಗೆ ಮಹರ್ ನೆನಪಾಗುತ್ತದೆ. ಆದರೆ ಇಲ್ಲಿ ಅರ್ಥ ತಿರುಗುಮುರುಗು. ಆ ಕಾಣಿಕೆಯಷ್ಟೇ ನಿನ್ನದು, ಅದಕ್ಕಿಂತ ಹೆಚ್ಚು ನಿನಗೂ ಇಲ್ಲ, ನಿನ್ನ ಮಕ್ಕಳಿಗೂ ಇಲ್ಲ ಎಂದು.

ಯಾರು ಸಮ, ಯಾರು ಅಸಮ ಎಂದು ನೋಡಲು ಕೊನೆಗೊಂದು ಪುಸ್ತಕವೇ ಬಂತು. 1763ರಿಂದ ಗೋಥಾ ಎಂಬ ಪುಟ್ಟ ರಾಜಧಾನಿಯಿಂದ ಹೊರಡತೊಡಗಿದ 'ಆಲ್ಮನಾಕ್ ದ ಗೋಥಾ'. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾರ್ಷಿಕ ಪುಸ್ತಕ. ಮುಂದೆ ಅದರಲ್ಲಿ ಮೂರು ಭಾಗಗಳಾದವು. ಮೊದಲನೆಯದು ಆಳುವ ಮನೆತನಗಳು. ಎರಡನೆಯದು ನೆಪೋಲಿಯನ್ ಕಾಲದಲ್ಲಿ ರಾಜ್ಯ ಕಳೆದುಕೊಂಡ ಮನೆತನಗಳು. ಮೂರನೆಯದು ಉಳಿದ ಕುಲೀನರು. ಇಲ್ಲೊಂದು ಸ್ವಾರಸ್ಯವಿದೆ. 1803ರಿಂದ 1806ರೊಳಗೆ ನೂರಾರು ಚಿಲ್ಲರೆ ಸಂಸ್ಥಾನಗಳು ದೊಡ್ಡವರ ಹೊಟ್ಟೆ ಸೇರಿದವು, 1815ರ ಹೊತ್ತಿಗೆ ಜರ್ಮನ್ ಒಕ್ಕೂಟದಲ್ಲಿ ಉಳಿದದ್ದು 39 ರಾಜ್ಯಗಳು. ನೆಲ ಕಳೆದುಕೊಂಡವರನ್ನು ಸಮಾಧಾನಪಡಿಸಲು 1815ರ ಒಕ್ಕೂಟದ ಕಾಯಿದೆಯ 14ನೇ ಕಲಮು ಒಂದು ಭರವಸೆ ಕೊಟ್ಟಿತು. ನಿಮ್ಮ ರಾಜ್ಯ ಹೋದರೂ ಆಳುವ ಮನೆಗಳೊಂದಿಗೆ ನಿಮ್ಮ ಸಮಜನ್ಮದ ಹಕ್ಕು ಉಳಿಯುತ್ತದೆ ಎಂದು. ಅಂದರೆ ಕೋಟೆ ಹೋಯಿತು, ಕಂದಾಯ ಹೋಯಿತು, ಹೆಣ್ಣು ಕೊಟ್ಟು ತರುವ ಅಧಿಕಾರ ಮಾತ್ರ ಹೋಗಲಿಲ್ಲ! ಗೋಥಾ ಪುಸ್ತಕದ ಎರಡನೇ ಭಾಗದಲ್ಲಿ ಹೆಸರಿದ್ದರೆ ಮಗಳಿಗೆ ರಾಜಕುಮಾರ ಸಿಗಬಹುದು, ಮೂರನೇ ಭಾಗದಲ್ಲಿದ್ದರೆ ಕಷ್ಟ.

ಈ ನಿಯಮ ಹಣದ ಮುಂದೆ ಹೇಗೆ ನಡೆದುಕೊಳ್ಳುತ್ತಿತ್ತು ಎಂಬುದನ್ನು ನೋಡಬೇಕು. ಆಗ್ನೆಸ್‌ಳ ಊರಾದ ಔಗ್ಸ್‌ಬರ್ಗ್‌ನಲ್ಲೇ ನೂರು ವರ್ಷದ ನಂತರ, 1527ರಲ್ಲಿ, ಹುಟ್ಟಿದವಳು ಫಿಲಿಪೀನೆ ವೆಲ್ಸರ್. ಇವಳು ಬಡವಳಲ್ಲ. ವೆಲ್ಸರ್ ಮನೆಯವರು ಯುರೋಪಿನ ಬಹು ದೊಡ್ಡ ಲೇವಾದೇವಿಗಾರರು. 1519ರಲ್ಲಿ ಹ್ಯಾಬ್ಸ್‌ಬರ್ಗ್ ಮನೆತನದ ಐದನೇ ಚಾರ್ಲ್ಸ್ ಚಕ್ರವರ್ತಿಯಾಗಿ ಆರಿಸಿ ಬರಲು ಮತದಾರ ಪ್ರಭುಗಳಿಗೆ ಹಂಚಿದ ಹಣದಲ್ಲಿ ಫುಗ್ಗರ್ ಮನೆಯದು ಸಿಂಹಪಾಲು, ನಂತರದ ದೊಡ್ಡ ಪಾಲಿನಲ್ಲಿ ವೆಲ್ಸರ್‌ರದೂ ಒಂದು. ಚಕ್ರವರ್ತಿ 1528ರಲ್ಲಿ ವೆಲ್ಸರ್‌ರಿಗೆ ದೂರದ ವೆನೆಜುವೆಲಾವನ್ನೇ ವಹಿಸಿಕೊಟ್ಟ. ಇಂಥ ಮನೆಯ ಮಗಳನ್ನು ಅದೇ ಚಾರ್ಲ್ಸ್‌ನ ತಮ್ಮನ ಮಗ ಆರ್ಚ್‌ಡ್ಯೂಕ್ ಫರ್ಡಿನಾಂಡ್ 1557ರಲ್ಲಿ ಬೊಹೀಮಿಯಾದ ಕೋಟೆಯೊಂದರಲ್ಲಿ ಮದುವೆಯಾದಾಗ, ಅದನ್ನು ಗುಟ್ಟಾಗಿ ಇಡಬೇಕಾಯಿತು. ಸಾಲ ಕೊಡುವಾಗ ಸಮ, ಸೊಸೆಯಾಗುವಾಗ ಅಸಮ!

ತಂದೆಗೆ ವಿಷಯ ತಿಳಿದಾಗ ಷರತ್ತುಗಳ ಮೇಲೆ ಕ್ಷಮಿಸಿದ. ಮದುವೆ ಹೊರಗೆ ಗೊತ್ತಾಗಕೂಡದು, ಮಕ್ಕಳಿಗೆ ಪಟ್ಟವಿಲ್ಲ. ಹಾಗಾಗಿ ಫಿಲಿಪೀನೆ ಹೆತ್ತ ಮಕ್ಕಳನ್ನು ಕೋಟೆಯ ಬಾಗಿಲಲ್ಲಿ ಮಲಗಿಸಿ, ಅಲ್ಲಿ ಸಿಕ್ಕ ಅನಾಥ ಶಿಶುಗಳೆಂಬಂತೆ ಒಳಗೆ ತರುವ ಏರ್ಪಾಡಾಯಿತು. ಒಂದು ಕ್ಷಣ ಯೋಚಿಸಿ. ಬಾಣಂತಿ ಒಳಗೆ ಮಂಚದ ಮೇಲೆ. ಅವಳ ಕೂಸು ಹೊರಗೆ ಹೊಸ್ತಿಲ ಮೇಲೆ. ಯಾರೋ ಹೋಗಿ 'ಅಯ್ಯೋ ಇಲ್ಲೊಂದು ಮಗು ಸಿಕ್ಕಿತು' ಎಂದು ಎತ್ತಿ ತಂದು ತಾಯಿಯ ಕೈಗೇ ಕೊಡಬೇಕು. ತಾಯಿ ಅದನ್ನು ಕಂಡು ಅಚ್ಚರಿಪಡಬೇಕು. ಇನ್ಸ್‌ಬ್ರುಕ್ ಬಳಿಯ ಆಂಬ್ರಾಸ್ ಕೋಟೆಯಲ್ಲಿ ಅವಳು ಗಿಡಮೂಲಿಕೆ ಔಷಧಿ ಮಾಡುತ್ತಿದ್ದಳು, ಅಡುಗೆಯ ಪುಸ್ತಕವಿತ್ತು, ಅವಳ ಸ್ನಾನದ ಕೋಣೆಯನ್ನು ಇಂದಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಹೊಸ್ತಿಲ ಮೇಲಿನ ಕೂಸಿನ ಮಾತು ಬಂದಾಗಲೆಲ್ಲ ನನಗೆ ಆ ಔಷಧಿ, ಆ ಸ್ನಾನದ ತೊಟ್ಟಿ ಎಲ್ಲ ಮರೆತುಹೋಗುತ್ತದೆ.

ಗಂಡು ಮಕ್ಕಳಲ್ಲಿ ಆಂಡ್ರಿಯಾಸ್ 18 ವರ್ಷಕ್ಕೇ ಕಾರ್ಡಿನಲ್ ಆದ. ಇನ್ನೊಬ್ಬನಿಗೆ ಸಣ್ಣದೊಂದು ಜಾಗೀರು ಸಿಕ್ಕಿತು. ಫಿಲಿಪೀನೆ 1580ರಲ್ಲಿ ತೀರಿಕೊಂಡಳು. ಎರಡೇ ವರ್ಷದಲ್ಲಿ ಫರ್ಡಿನಾಂಡ್ ಸಮಜನ್ಮದ ಹೆಣ್ಣನ್ನು ಮದುವೆಯಾದ. ಯಾರು ಅಂತೀರಿ? ಒಡಹುಟ್ಟಿದ ಅಕ್ಕತಂಗಿಯರಲ್ಲಿ ಒಬ್ಬಳ ಮಗಳು. ಈ ಮದುವೆಗೆ ರಕ್ತದ ಅಡ್ಡಿ ಬರಲಿಲ್ಲ. ಅವಳಲ್ಲಿ ಅವನಿಗೆ ಗಂಡು ಮಗು ಹುಟ್ಟಲಿಲ್ಲ. ಆರೋಗ್ಯವಂತರಾದ ಇಬ್ಬರು ಗಂಡು ಮಕ್ಕಳಿದ್ದೂ ಅವನು 1595ರಲ್ಲಿ ವಾರಸುದಾರನಿಲ್ಲದೆ ಸತ್ತನೆಂದು ಬರೆದರು, ಟಿರೋಲ್ ನಾಡು ಹ್ಯಾಬ್ಸ್‌ಬರ್ಗ್‌ನ ಮೂಲ ಮನೆಗೆ ವಾಪಸಾಯಿತು.

ಈಗ ನಮ್ಮ ಮನೆಯ ಮಾತು. ನನ್ನ ತಂಗಿಯ ಮಗಳಿಗೆ ಸಂಬಂಧವೊಂದು ಬಂದಿದೆ. ಹುಡುಗ ಓದಿದವನು, ಕೆಲಸದಲ್ಲಿದ್ದಾನೆ, ಇವಳಿಗೂ ಮೆಚ್ಚಿಗೆ. ನಮ್ಮ ಖಾಲಾ ಮಾತ್ರ ಚಹಾದ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ಎಲ್ಲಾ ಸರಿ, ಖಾಂದಾನ್ ಕೈಸಾ ಹೈ?" ಹುಡುಗನ ಅಜ್ಜ ಹತ್ತಿ ಹಿಂಜುತ್ತಿದ್ದವರು. ಬಿಲ್ಲು ಹೆಗಲಿಗೇರಿಸಿ ಊರೂರು ಸುತ್ತಿ ಗಾದಿ ಹೊಲಿದುಕೊಟ್ಟು ಮಕ್ಕಳನ್ನು ಓದಿಸಿದವರು. ಖಾಲಾ ಏನೂ ಕೆಟ್ಟ ಮಾತಾಡಲಿಲ್ಲ. "ಒಳ್ಳೆಯವರೇ ಇರಬಹುದಮ್ಮ, ಆದರೆ ಕುಫು ಅಂತ ಒಂದಿದೆಯಲ್ಲ" ಎಂದರಷ್ಟೆ. ಕುಫು ಎಂದರೆ ಜೋಡಿಯ ಸಮಾನತೆ. ಫಿಕ್ಹ್‌ನ ಗ್ರಂಥಗಳಲ್ಲಿ ಇದರ ಮೇಲೆ ಚರ್ಚೆಯಿದೆ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಇದೆ. ಅಡುಗೆಮನೆಗೆ ಬರುವ ಹೊತ್ತಿಗೆ ಆ ಚರ್ಚೆಯೆಲ್ಲ ಉದುರಿ 'ಅವರ ಅಜ್ಜ ಏನು ಮಾಡುತ್ತಿದ್ದ' ಎಂಬ ಒಂದು ಪ್ರಶ್ನೆ ಉಳಿಯುತ್ತದೆ.

ನಮ್ಮಲ್ಲೂ ಒಂದು ಶಜರಾ ಇದೆ. ತಗಡಿನ ಟ್ರಂಕಿನಲ್ಲಿ, ಹಳದಿಗಟ್ಟಿದ ಹಾಳೆ, ಉರ್ದುವಿನಲ್ಲಿ ಬರೆದದ್ದು. ಖಾಲಾ ಅದನ್ನು ತೆಗೆಸಿ ಓದಿಸಿದರು. ನಾನೇ ಓದಿದೆ. ಒಂಬತ್ತು ತಲೆಮಾರು. ಎಲ್ಲಾ ಗಂಡಸರ ಹೆಸರು. ಇಬ್ನ್, ಇಬ್ನ್, ಇಬ್ನ್... ಇಂಥವರ ಮಗ, ಇಂಥವರ ಮಗ. ಒಬ್ಬ ತಾಯಿಯ ಹೆಸರೂ ಇಲ್ಲ. "ಖಾಲಾ, ಇದರಲ್ಲಿ ನೀವೂ ಇಲ್ಲ, ನಾನೂ ಇಲ್ಲ" ಎಂದೆ. ಖಾಲಾ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಒಮ್ಮೆ ತಾವೇ ನೋಡಿದರು. ಗೋಥಾ ಪುಸ್ತಕ ಈ ಒಂದು ವಿಷಯದಲ್ಲಿ ನಮ್ಮ ಶಜರಾಕ್ಕಿಂತ ವಾಸಿ ಎಂದೇ ಹೇಳಬೇಕು, ಅದು ಹೆಂಗಸರ ಹೆಸರನ್ನಾದರೂ ಬರೆಯುತ್ತಿತ್ತು. ಮಾತುಕತೆ ಇನ್ನೂ ನಡೆದಿದೆ. ನಮ್ಮ ಹುಡುಗಿ ಹಟ ಬಿಟ್ಟಿಲ್ಲ.

ಹೆಂಗಸರ ಹೆಸರು ಬರೆದರೂ ಅದಕ್ಕೆ ಬೆಲೆ ಎಷ್ಟಿತ್ತೆಂಬುದನ್ನು ಎಲೀಝಾ ರಾಝಿವಿಲ್ ಕಥೆ ಹೇಳುತ್ತದೆ. 1820ರ ದಶಕದಲ್ಲಿ ಪ್ರಶ್ಯದ ರಾಜಕುಮಾರ ವಿಲ್‌ಹೆಲ್ಮ್ ಇವಳನ್ನು ಮದುವೆಯಾಗಬಯಸಿದ. ಎಲೀಝಾಳ ತಂದೆ ಪೋಲಿಷ್-ಲಿಥುವೇನಿಯನ್ ಕುಲೀನ, ಪ್ರಿನ್ಸ್ ಎಂಬ ಪದವಿಯಿದ್ದವನು. ತಾಯಿಯಂತೂ ಹೋಹೆನ್‌ಝೊಲರ್ನ್ ರಾಜಕುಮಾರಿಯೇ, ಫ್ರೆಡರಿಕ್ ಮಹಾಶಯನ ತಮ್ಮನ ಮಗಳು. ಅಂದರೆ ಹುಡುಗನ ಮನೆಯ ರಕ್ತವೇ ಹುಡುಗಿಯಲ್ಲಿತ್ತು! ಆದರೆ ಅದು ತಾಯಿಯ ಕಡೆಯದು, ಲೆಕ್ಕಕ್ಕೆ ಬರಲಿಲ್ಲ. ಕಾನೂನು ಪಂಡಿತರು ಕುಳಿತು ರಾಝಿವಿಲ್ ಮನೆತನ ಸಮವೋ ಅಲ್ಲವೋ ಎಂದು ವರ್ಷಗಟ್ಟಲೆ ಹಾಳೆ ತುಂಬಿಸಿದರು. ಯಾರಾದರೂ ದೊಡ್ಡವರು ಅವಳನ್ನು ದತ್ತು ತೆಗೆದುಕೊಂಡರೆ ಆದೀತೇ ಎಂದು ನೋಡಿದರು. ರಷ್ಯದ ಝಾರ್ ಒಪ್ಪಲಿಲ್ಲ. ಪ್ರಶ್ಯದ ರಾಜಕುಮಾರನೊಬ್ಬನ ಹೆಸರು ಬಂದಾಗ, ದತ್ತು ತೆಗೆದುಕೊಂಡ ಮಾತ್ರಕ್ಕೆ ರಕ್ತ ಬದಲಾಗದು ಎಂದು ಪಂಡಿತರು ತೀರ್ಪಿತ್ತರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. 1826ರಲ್ಲಿ ತಂದೆಯ ಆಜ್ಞೆಯಂತೆ ವಿಲ್‌ಹೆಲ್ಮ್ ಅವಳನ್ನು ಬಿಟ್ಟುಕೊಟ್ಟ, 1829ರಲ್ಲಿ ವೈಮಾರ್‌ನ ಆಗುಸ್ಟಾಳನ್ನು ಮದುವೆಯಾದ. ಎಲೀಝಾ 1834ರಲ್ಲಿ ಕ್ಷಯದಿಂದ ತೀರಿಕೊಂಡಳು. ವಿಲ್‌ಹೆಲ್ಮ್ 1871ರಲ್ಲಿ ಜರ್ಮನ್ ಚಕ್ರವರ್ತಿಯಾದ. ಅವಳ ಚಿತ್ರ ಕೊನೆಯವರೆಗೂ ಅವನ ಮೇಜಿನ ಮೇಲಿತ್ತು ಎನ್ನುತ್ತಾರೆ. ಆಗುಸ್ಟಾಗೆ ಆ ಮೇಜು ಹೇಗೆ ಕಂಡಿರಬಹುದು ಎಂದು ಕೇಳುವವರು ಕಡಿಮೆ.

ಇದಕ್ಕೆ ಹೋಲಿಸಿದರೆ ಡೆಸ್ಸಾವ್ ಊರಿನ ಔಷಧಿ ಅಂಗಡಿಯವನ ಮಗಳು ಅನ್ನಾ ಲೂಯಿಸೆ ಅದೃಷ್ಟವಂತೆ. ಆನ್‌ಹಾಲ್ಟ್-ಡೆಸ್ಸಾವ್‌ನ ಯುವರಾಜ ಲಿಯೋಪೋಲ್ಡ್ ಚಿಕ್ಕಂದಿನಿಂದ ಅವಳನ್ನೇ ಬಯಸಿದ್ದ. ತಾಯಿ ಅವನನ್ನು ದೇಶ ಸುತ್ತಲು ಕಳುಹಿಸಿದರೂ ಮನಸ್ಸು ಬದಲಾಗಲಿಲ್ಲ. 1698ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮದುವೆಯಾದ. 1701ರಲ್ಲಿ ವಿಯೆನ್ನಾದ ಚಕ್ರವರ್ತಿಗೆ ಹಣ ಸಂದಾಯವಾಯಿತು, ಅನ್ನಾ ಲೂಯಿಸೆ ಸಾಮ್ರಾಜ್ಯದ ರಾಜಕುಮಾರಿಯೆಂದು ಅಲ್ಲಿಂದ ಪತ್ರ ಬಂತು. ಆ ಪತ್ರದಿಂದ ಅವಳ ರಕ್ತ ಶುದ್ಧವಾಗಿ, ಮಕ್ಕಳೆಲ್ಲ ಪಟ್ಟಕ್ಕೆ ಅರ್ಹರಾದರು. ಔಷಧಿ ಅಂಗಡಿಯವನ ಮೊಮ್ಮಗ ಮುಂದೆ ಆ ನಾಡನ್ನಾಳಿದ. ಈ ಕಥೆಯನ್ನು ಜರ್ಮನರು ಬಹಳ ಅಕ್ಕರೆಯಿಂದ ಹೇಳುತ್ತಾರೆ. ಲಿಯೋಪೋಲ್ಡ್ ಪ್ರಶ್ಯದ ಸೇನೆಗೆ ಕಬ್ಬಿಣದ ಬಂದೂಕು-ಗಜವನ್ನೂ ಹೆಜ್ಜೆ ಹೊಂದಿಸಿ ನಡೆಯುವ ಕವಾಯತನ್ನೂ ಕಲಿಸಿದ ಸೇನಾನಿ. ಹೊಟ್ಟೆಕಿಚ್ಚಿನಿಂದ ಅವಳ ಬಂಧುವಾದ ಯುವಕನೊಬ್ಬನನ್ನು ಕೊಂದನೆಂದೂ ಅದೇ ಚರಿತ್ರೆಯಲ್ಲಿ ಬರುತ್ತದೆ. ಪ್ರೇಮಕಥೆ ಹೇಳುವವರು ಆ ಪುಟವನ್ನು ಬೇಗ ಮಗುಚುತ್ತಾರೆ.

ನಮ್ಮ ದೇಶಕ್ಕೂ ಈ ಎಡಗೈ ಮದುವೆಗೂ ಒಂದು ನೇರ ಸಂಬಂಧವಿದೆ ಎಂದರೆ ನಂಬುತ್ತೀರಾ? ಹೆಸ್ಸೆ ಮನೆತನದ ರಾಜಕುಮಾರ ಅಲೆಕ್ಸಾಂಡರ್ ರಷ್ಯದಲ್ಲಿ ಸೇನಾಧಿಕಾರಿಯಾಗಿದ್ದ. ಅವನ ತಂಗಿ ಅಲ್ಲಿನ ಯುವರಾಜನ ಹೆಂಡತಿ. ತಂಗಿಯ ಸೇವೆಯಲ್ಲಿದ್ದ ಯೂಲಿಯಾ ಹೌಕೆ ಎಂಬ ಅನಾಥ ಹುಡುಗಿಯನ್ನು, ಪೋಲೆಂಡಿನ ಸೇನಾಧಿಕಾರಿಯ ಮಗಳನ್ನು, ಇವನು ಪ್ರೀತಿಸಿದ. ಝಾರ್ ಕೆರಳಿದ. 1851ರಲ್ಲಿ ಇಬ್ಬರೂ ಬ್ರೆಸ್‌ಲಾವ್‌ನಲ್ಲಿ ಮದುವೆಯಾದರು. ಹೆಸ್ಸೆಯ ಹೆಸರು ಅವಳಿಗೂ ಮಕ್ಕಳಿಗೂ ದಕ್ಕಲಿಲ್ಲ. ಬದಲಿಗೆ ಬ್ಯಾಟನ್‌ಬರ್ಗ್ ಎಂಬ ಸಣ್ಣ ಊರಿನ ಹೆಸರು ಕೊಟ್ಟರು. ಆ ಮಕ್ಕಳಲ್ಲೊಬ್ಬ ಲೂಯಿ ಇಂಗ್ಲೆಂಡಿಗೆ ಹೋಗಿ ನೌಕಾದಳದ ಮುಖ್ಯಸ್ಥನಾದ. 1914ರಲ್ಲಿ ಯುದ್ಧ ಶುರುವಾದಾಗ, ಜರ್ಮನ್ ಹುಟ್ಟಿನವನೆಂಬ ಕೂಗಿಗೆ ಕೆಲಸ ಬಿಟ್ಟ. 1917ರಲ್ಲಿ ಬ್ಯಾಟನ್‌ಬರ್ಗ್ ಎಂಬ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡ. ಜರ್ಮನ್ ಭಾಷೆಯ 'ಬೆರ್ಗ್' ಎಂದರೆ ಬೆಟ್ಟ. ಬೆಟ್ಟ ಮುಂದೆ ಬಂದು ಮೌಂಟ್‌ಬ್ಯಾಟನ್ ಆಯಿತು. 1947ರಲ್ಲಿ ದೆಹಲಿಯಲ್ಲಿ ಅಧಿಕಾರ ಹಸ್ತಾಂತರ ಮಾಡಿದ ಕೊನೆಯ ವೈಸರಾಯ್ ಈತನ ಮಗ, ಯೂಲಿಯಾಳ ಮೊಮ್ಮಗ. ಒಂದು ಮನೆತನ 'ನಮ್ಮ ಹೆಸರಿಗೆ ನೀನು ತಕ್ಕವಳಲ್ಲ' ಎಂದು ಹೊರಗಿಟ್ಟ ಹೆಣ್ಣಿನ ವಂಶದವರು ಬಲ್ಗೇರಿಯಾ ಆಳಿದರು, ಸ್ಪೇನಿಗೆ ರಾಣಿಯನ್ನು ಕೊಟ್ಟರು. ರಾಣಿ ಎಲಿಝಬೆತ್‌ಳ ಪತಿ ಫಿಲಿಪ್‌ನ ತಾಯಿಯೂ ಅದೇ ಮನೆಯವಳು. ಹೆಸ್ಸೆಯನ್ನು ಆಳಿದವರ ಹೆಸರು ಈಗ ಎಷ್ಟು ಜನರಿಗೆ ಗೊತ್ತು?

ಎಲ್ಲರ ಕಥೆಯೂ ಹೀಗೆ ದಡ ಸೇರಲಿಲ್ಲ. ಬೊಹೀಮಿಯಾದ ಸೋಫಿ ಖೋಟೆಕ್ ಕೌಂಟ್ ಮನೆತನದ ಹೆಣ್ಣು. ಹ್ಯಾಬ್ಸ್‌ಬರ್ಗ್ ಲೆಕ್ಕದಲ್ಲಿ ಅದೂ ಸಾಲದು. ಆಕೆ ಆರ್ಚ್‌ಡಚೆಸ್ ಇಸಾಬೆಲ್ಲಾಳ ಸಖಿಯಾಗಿ ಸಂಬಳಕ್ಕಿದ್ದಳು. ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಆ ಮನೆಗೆ ಪದೇ ಪದೇ ಬರುತ್ತಿದ್ದ. ತನ್ನ ಮಗಳಿಗಾಗಿಯೇ ಬರುತ್ತಿದ್ದಾನೆಂದು ಇಸಾಬೆಲ್ಲಾ ಸಂಭ್ರಮಪಡುತ್ತಿದ್ದಳು. ಅವನು ಮರೆತುಬಿಟ್ಟುಹೋದ ಗಡಿಯಾರದ ಮುಚ್ಚಳ ತೆರೆದಾಗ ಒಳಗೆ ಸಖಿಯ ಚಿತ್ರ ಕಂಡಿತಂತೆ. ಮುದಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಕೊನೆಗೆ ಒಪ್ಪಿದ್ದು ಒಂದು ಪ್ರಮಾಣದ ಮೇಲೆ. 1900ರ ಜೂನ್ 28ರಂದು ವಿಯೆನ್ನಾದ ಅರಮನೆಯಲ್ಲಿ, ಮನೆತನದ ಗಂಡಸರು, ಮಂತ್ರಿಗಳು, ಧರ್ಮಗುರುಗಳ ಎದುರಿನಲ್ಲಿ, ತನಗೆ ಸೋಫಿಯಲ್ಲಿ ಹುಟ್ಟುವ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲವೆಂದು ಫ್ರಾನ್ಸ್ ಫರ್ಡಿನಾಂಡ್ ಪ್ರಮಾಣ ಮಾಡಿದ. ಮಕ್ಕಳು ಹುಟ್ಟುವ ಮೊದಲೇ ಅವರ ಪಾಲನ್ನು ಬಿಟ್ಟುಕೊ‌ಟ್ಟಂತಾಯಿತು. ಮೂರು ದಿನದ ನಂತರ ನಡೆದ ಮದುವೆಗೆ ಚಕ್ರವರ್ತಿಯೂ ಬರಲಿಲ್ಲ, ಮದುಮಗನ ಸ್ವಂತ ತಮ್ಮಂದಿರೂ ಬರಲಿಲ್ಲ. ಮಲತಾಯಿ ತನ್ನಿಬ್ಬರು ಹೆಣ್ಣು ಮಕ್ಕಳೊಂದಿಗೆ ಬಂದಳು. (ಕಥೆಗಳಲ್ಲಿ ಮಲತಾಯಂದಿರಿಗೆ ನಾವು ಮಾಡುವ ಅನ್ಯಾಯವನ್ನು ಈ ಹೆಂಗಸು ನೆನಪಿಸುತ್ತಾಳೆ.)

ಆಸ್ಥಾನದ ಮೆರವಣಿಗೆಯಲ್ಲಿ ಸೋಫಿ ಗಂಡನ ಪಕ್ಕ ನಡೆಯುವಂತಿರಲಿಲ್ಲ. ಮನೆತನದ ಅತಿ ಚಿಕ್ಕ ಹೆಣ್ಣು ಮಕ್ಕಳೂ ಒಳಗೆ ಹೋದ ಮೇಲೆ ಅವಳ ಸರದಿ. ಹದಿನಾಲ್ಕು ವರ್ಷ ಹೀಗೇ ನಡೆಯಿತು. 1914ರಲ್ಲಿ ಫ್ರಾನ್ಸ್ ಫರ್ಡಿನಾಂಡ್ ಬೋಸ್ನಿಯಾದ ಸೇನಾ ಕವಾಯತು ನೋಡಲು ಹೋದದ್ದು ಸೇನೆಯ ಇನ್‌ಸ್ಪೆಕ್ಟರ್ ಜನರಲ್ ಆಗಿ. ಅದು ಆಸ್ಥಾನದ ಸಮಾರಂಭವಲ್ಲ. ಆದ್ದರಿಂದ ಸರಾಯೆವೊದ ಬೀದಿಯಲ್ಲಿ ಸೋಫಿ ಎಲ್ಲರೆದುರು ಗಂಡನ ಪಕ್ಕದಲ್ಲೇ ತೆರೆದ ಕಾರಿನಲ್ಲಿ ಕೂರಬಹುದಿತ್ತು. ಕುಳಿತಳು. ಜೂನ್ 28, ಆ ಪ್ರಮಾಣದ ದಿನವೇ. ಗಾವ್ರಿಲೊ ಪ್ರಿನ್ಸಿಪ್‌ನ ಗುಂಡಿಗೆ ಇಬ್ಬರೂ ಬಲಿಯಾದರು. ನಂತರದ ಮಹಾಯುದ್ಧ ಎಲ್ಲರಿಗೂ ಗೊತ್ತಿದೆ. ಆದರೆ ವಿಯೆನ್ನಾದಲ್ಲಿ ಶವಪೆಟ್ಟಿಗೆಗಳನ್ನಿಟ್ಟ ರೀತಿ ಶಾಲೆಯ ಪಾಠದಲ್ಲಿ ಬರುವುದಿಲ್ಲ. ಅವಳ ಪೆಟ್ಟಿಗೆಯನ್ನು ಗಂಡನದಕ್ಕಿಂತ ಕೆಳಗಿನ ಮಟ್ಟದಲ್ಲಿಟ್ಟು, ಮೇಲೆ ಒಂದು ಜೊತೆ ಬಿಳಿ ಕೈಗವಸು, ಒಂದು ಬೀಸಣಿಗೆ ಇಟ್ಟರು. ಅವಳು ಒಮ್ಮೆ ಸಂಬಳಕ್ಕಿದ್ದ ಸಖಿ ಎಂಬುದನ್ನು ಸಾವಿನಲ್ಲೂ ಮರೆಯಬಾರದಲ್ಲ! ಹ್ಯಾಬ್ಸ್‌ಬರ್ಗ್‌ರ ಸಮಾಧಿಗೃಹದಲ್ಲಿ ಅವಳಿಗೆ ಜಾಗವಿರಲಿಲ್ಲ. ಇದನ್ನು ಅರಿತಿದ್ದ ಗಂಡ ಮೊದಲೇ ಡ್ಯಾನ್ಯೂಬ್ ನದಿಯ ಮೇಲಿನ ಆರ್ಟ್‌ಶ್ಟೆಟನ್ ಕೋಟೆಯಲ್ಲಿ ಇಬ್ಬರಿಗೂ ಸಮಾಧಿ ಕಟ್ಟಿಸಿದ್ದ. ಅಲ್ಲಿ ಎರಡೂ ಒಂದೇ ಮಟ್ಟದಲ್ಲಿವೆ. ಪಟ್ಟದ ಹಕ್ಕಿಲ್ಲದ ಅವರ ಇಬ್ಬರು ಗಂಡು ಮಕ್ಕಳನ್ನು 1938ರಲ್ಲಿ ನಾಝಿಗಳು ಡಾಖಾವ್ ಶಿಬಿರಕ್ಕೆ ಹಾಕಿದರು. ರಾಜಮನೆತನದವರಲ್ಲ ಎಂಬ ರಿಯಾಯಿತಿ ಅಲ್ಲಿ ಸಿಗಲಿಲ್ಲ. ಇಬ್ಬರೂ ಬದುಕಿ ಬಂದರು.

1918ರಲ್ಲಿ ಎಲ್ಲ ಸಿಂಹಾಸನಗಳೂ ಕೆಲವೇ ವಾರಗಳಲ್ಲಿ ಉರುಳಿದವು. 738 ವರ್ಷ ಬವೇರಿಯಾ ಆಳಿದ ವಿಟ್ಟೆಲ್ಸ್‌ಬಾಖ್‌ರು ನವೆಂಬರ್‌ನ ಒಂದು ರಾತ್ರಿ ಮ್ಯೂನಿಕ್ ಬಿಟ್ಟು ಹೊರಟರು. 1919ರಲ್ಲಿ ಆಸ್ಟ್ರಿಯಾ ಕುಲೀನ ಪದವಿಗಳನ್ನೇ ನಿಷೇಧಿಸಿತು. ಜರ್ಮನಿ ಸ್ವಲ್ಪ ಮೆದುವಾಗಿ, ಹುಟ್ಟಿನಿಂದ ಬರುವ ಹಕ್ಕುಗಳೆಲ್ಲ ರದ್ದು, ಪದವಿಗಳು ಇನ್ನು ಮುಂದೆ ಬರೀ ಹೆಸರಿನ ಭಾಗ ಎಂದಿತು. ಗೋಥಾ ಪುಸ್ತಕ 1944ರವರೆಗೆ ಬಂದು ನಿಂತಿತು, ಮರುವರ್ಷ ಸೋವಿಯತ್ ಸೈನಿಕರು ಅದರ ಕಡತಗಳನ್ನು ನಾಶಮಾಡಿದರು. ಅರ್ಧ ಶತಮಾನ ಕಳೆದ ಮೇಲೆ ಲಂಡನ್ನಿನಲ್ಲಿ ಆ ಹೆಸರಿಗೆ ಮತ್ತೆ ಜೀವ ಕೊಟ್ಟರು ಎಂಬುದು ಬೇರೆ ಮಾತು.

ಪದವಿ ಹೆಸರಿನ ಭಾಗವಾದ ಮೇಲೆ ಏನಾಯಿತು ಗೊತ್ತೇ? ಹೆಸರನ್ನು ದತ್ತು ಮೂಲಕ ಕೊಡಬಹುದಲ್ಲ! 1980ರಲ್ಲಿ ಆನ್‌ಹಾಲ್ಟ್ ಮನೆತನದ ವೃದ್ಧೆ ಮಾರೀ ಆಗುಸ್ಟೆ, ಕೊನೆಯ ಕೈಸರ್‌ನ ಸೊಸೆಯಾಗಿದ್ದವಳು, ವಯಸ್ಸಿಗೆ ಬಂದ ಸಾಮಾನ್ಯನೊಬ್ಬನನ್ನು ದತ್ತು ತೆಗೆದುಕೊಂಡಳು. ಆತ 'ಪ್ರಿನ್ಸ್ ಫಾನ್ ಆನ್‌ಹಾಲ್ಟ್' ಎಂದು ಹೇಳಿಕೊಂಡು 1986ರಲ್ಲಿ ಹಾಲಿವುಡ್ ನಟಿ ಝಾ ಝಾ ಗಾಬೋರ್‌ಳನ್ನು ಮದುವೆಯಾದ. ದತ್ತಿನಿಂದ ರಕ್ತ ಬದಲಾಗದೆಂದು ಎಲೀಝಾಳನ್ನು ಹೊರಗಿಟ್ಟ ಪಂಡಿತರು ಇದನ್ನು ನೋಡಲು ಇರಬೇಕಿತ್ತು. ಔಷಧಿ ಅಂಗಡಿಯವನ ಮಗಳು ಅನ್ನಾ ಲೂಯಿಸೆ ಸೇರಿದ್ದೂ ಇದೇ ಆನ್‌ಹಾಲ್ಟ್ ಮನೆಯನ್ನೇ.

ಆದರೆ ಸಮಜನ್ಮ ಅಲ್ಲಿಗೇ ಸಾಯಲಿಲ್ಲ. ಅದು ಸಂವಿಧಾನದಿಂದ ಇಳಿದು ಉಯಿಲಿನೊಳಗೆ ಹೊಕ್ಕಿತು. ಹೋಹೆನ್‌ಝೊಲರ್ನ್ ಮನೆಯವರು 1938ರಲ್ಲಿ ಮಾಡಿಕೊಂಡ ಆಸ್ತಿ ಒಪ್ಪಂದದಲ್ಲಿ, ಸಮಜನ್ಮದ ಮದುವೆ ಆಗದವನಿಗೆ ವಾರಸುದಾರಿಕೆ ಇಲ್ಲವೆಂಬ ಷರತ್ತಿತ್ತು. ಕೈಸರ್‌ನ ಮೊಮ್ಮಗ ಲೂಯಿ ಫರ್ಡಿನಾಂಡ್ 1994ರಲ್ಲಿ ತೀರಿಕೊಂಡಾಗ, ಆ ಷರತ್ತಿನ ಪ್ರಕಾರ ಮೊದಲ ಇಬ್ಬರು ಗಂಡು ಮಕ್ಕಳು ಹೊರಗುಳಿದರು. 1960ರ ದಶಕದಲ್ಲಿ ಅವರು ಸಾಮಾನ್ಯರ ಮನೆಯ ಹೆಣ್ಣುಗಳನ್ನು ಮದುವೆಯಾಗಿದ್ದರು. ಉಳಿದದ್ದು ಅಪಘಾತದಲ್ಲಿ ತೀರಿಹೋಗಿದ್ದ ಮೂರನೇ ಮಗನ ಮಗ. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೆಳಗಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆದಾಡಿ, ದೇಶದ ಸರ್ವೋನ್ನತ ನ್ಯಾಯಾಲಯ 1998ರಲ್ಲಿ ಷರತ್ತನ್ನು ಎತ್ತಿಹಿಡಿಯಿತು. 2004ರ ಮಾರ್ಚ್‌ನಲ್ಲಿ ಸಂವಿಧಾನ ನ್ಯಾಯಾಲಯ, ಇಂಥ ಷರತ್ತು ಮನುಷ್ಯ ತನಗಿಷ್ಟವಾದವರನ್ನು ಮದುವೆಯಾಗುವ ಸ್ವಾತಂತ್ರ್ಯಕ್ಕೆ ಒತ್ತಡ ತರುವುದೇ ಎಂಬುದನ್ನು ಕೆಳಗಿನವರು ಸರಿಯಾಗಿ ತೂಗಿ ನೋಡಿಲ್ಲ ಎಂದು ಹೇಳಿ ಪ್ರಕರಣವನ್ನು ವಾಪಸು ಕಳಿಸಿತು. ಆಗ್ನೆಸ್ ಮುಳುಗಿ 569 ವರ್ಷವಾಗಿತ್ತು.

ಮನೆತನದ ಯಜಮಾನಿಕೆ ಮೊಮ್ಮಗನಲ್ಲೇ ಉಳಿಯಿತು. ಹೊರಗುಳಿದ ಹಿರಿಯ ಮಗ ಫ್ರೆಡರಿಕ್ ವಿಲ್‌ಹೆಲ್ಮ್ ಚರಿತ್ರೆ ಓದಿಕೊಂಡವರು. 1918ರಿಂದ 1945ರವರೆಗಿನ ಹೋಹೆನ್‌ಝೊಲರ್ನ್ ಮನೆತನದ ಬಗ್ಗೆ, ಅದರ ನಾಝಿ ಕಾಲದ ವರ್ತನೆಯೂ ಸೇರಿದಂತೆ, ಒಂದು ಪುಸ್ತಕ ಬರೆದರು. 2015ರಲ್ಲಿ ತೀರಿಕೊಂಡರು.